ಹೋಲ್ಗಾ: ಅಗ್ಗದ ಕ್ಯಾಮೆರಾ, ದೊಡ್ಡ ಫಿಲ್ಮ್

ಚೀನಾದ ಸಾಮಾನ್ಯ ಕುಟುಂಬಗಳಿಗೂ ಕೈಗೆಟುಕಲಿ ಎಂದು ಹಾಂಗ್‌ಕಾಂಗ್‌ನ ಟಿ.ಎಂ. ಲೀ 1980ರ ದಶಕದ ಆರಂಭದಲ್ಲಿ ರೂಪಿಸಿದ ಕ್ಯಾಮೆರಾ ಹೋಲ್ಗಾ. ಮೈಯೆಲ್ಲ ಪ್ಲಾಸ್ಟಿಕ್. ಒಳಗೆ ಕೂರುವುದು ಮಾತ್ರ ದುಬಾರಿ ಹ್ಯಾಸಲ್‌ಬ್ಲಾಡ್ ಕ್ಯಾಮೆರಾಗೆ ಹಾಕುವ ಅದೇ 120 ಫಿಲ್ಮ್ ರೋಲ್.

ಇದರ ನಿಜವಾದ ಬಲವೇ ಅದು. ಆರು ಸೆಂಟಿಮೀಟರ್ ಚೌಕದ ನೆಗೆಟಿವ್ 35 ಎಂಎಂ ನೆಗೆಟಿವ್‌ಗಿಂತ ಸುಮಾರು ಮೂರೂವರೆ ಪಟ್ಟು ದೊಡ್ಡದು.

ಕೊರತೆಗಳೂ ಕಡಿಮೆಯಿಲ್ಲ. ಚಿತ್ರದ ನಡುಭಾಗ ಸ್ಪಷ್ಟ, ಅಂಚು ಮಸುಕು, ಮೂಲೆಗಳು ಕಪ್ಪು. ಶಟರ್ ವೇಗ ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸು, ಅಷ್ಟೇ. ಹಳೆಯ ಮಾದರಿಗಳಲ್ಲಂತೂ ಬಿಸಿಲು-ಮೋಡದ ಗುಂಡಿ ಸರಿಸಿದರೂ ಒಳಬರುವ ಬೆಳಕು ಬದಲಾಗುತ್ತಿರಲಿಲ್ಲ! ಬೆನ್ನಿನ ಮುಚ್ಚಳದ ಕ್ಲಿಪ್ ಸುಲಭವಾಗಿ ಕಳಚುತ್ತದೆ. ಹಾಗಾಗಿ ಬಳಸುವವರು ಸಂದುಗಳಿಗೆ ಕಪ್ಪು ಟೇಪ್ ಸುತ್ತುತ್ತಾರೆ. ಹಿಂಬದಿಯ ಕೆಂಪು ಕಿಂಡಿಯಲ್ಲಿ ಅಂಕಿ ಕಾಣುವವರೆಗೆ ಫಿಲ್ಮ್ ತಿರುಗಿಸಬೇಕು. ಮರೆತರೆ ಒಂದರ ಮೇಲೊಂದು ಚಿತ್ರ. ಇದನ್ನೇ ಬೇಕೆಂದು ಮಾಡಿ ಸೊಗಸಾದ ಚಿತ್ರ ತೆಗೆಯುವವರೂ ಇದ್ದಾರೆ.

ಇದು ಆಟಿಕೆಯಷ್ಟೇ ಎನ್ನುವುದು ಅನ್ಯಾಯ. ಅಮೆರಿಕದ ಪತ್ರಿಕಾ ಛಾಯಾಗ್ರಾಹಕ ಡೇವಿಡ್ ಬರ್ನೆಟ್ 2000ದ ಅಧ್ಯಕ್ಷೀಯ ಪ್ರಚಾರದಲ್ಲಿ ಅಭ್ಯರ್ಥಿ ಅಲ್ ಗೋರ್ ಅವರನ್ನು ಹೋಲ್ಗಾದಲ್ಲಿ ಸೆರೆಹಿಡಿದರು. ಆ ಚಿತ್ರಕ್ಕೆ ಶ್ವೇತಭವನದ ಸುದ್ದಿ ಛಾಯಾಗ್ರಾಹಕರ ಸಂಘದ ಪ್ರಶಸ್ತಿ ಬಂತು.

ಕೊಳ್ಳುವ ಮುನ್ನ ಖರ್ಚಿನ ಲೆಕ್ಕ ಬೇಕು. ಚೌಕ ಚಿತ್ರಗಳಾದರೆ ರೋಲಿಗೆ ಹನ್ನೆರಡೇ. ಫಿಲ್ಮ್, ಡೆವಲಪಿಂಗ್, ಸ್ಕ್ಯಾನಿಂಗ್ ಎಲ್ಲಕ್ಕೂ ಪ್ರತಿ ಸಲ ದುಡ್ಡು. ಹೊರಾಂಗಣದಲ್ಲಿ 400 ಐಎಸ್‌ಒ ಫಿಲ್ಮ್ ಹಾಕಿ ಪ್ರಯೋಗ ಮಾಡುವ ಉತ್ಸಾಹಿಗೆ ಹೋಲ್ಗಾ ಧಾರಾಳವಾಗಿ ಒಪ್ಪುತ್ತದೆ. ಮದುವೆಮನೆಯ ಮುಖಗಳು ಸ್ಫುಟವಾಗಿ ಮೂಡಬೇಕೆನ್ನುವವರು ಸುಸ್ಥಿತಿಯಲ್ಲಿರುವ ಹಳೆಯ ಯಾಶಿಕಾ ಕ್ಯಾಮೆರಾ ಹುಡುಕುವುದೇ ಮೇಲು.