ಚಾಲಕನಿಲ್ಲದ ಕಾರನ್ನು ಕಾಯುವವರು

ಚಾಲಕನಿಲ್ಲದ ಕಾರು ಎಂದರೆ ಮನುಷ್ಯನ ಗೊಡವೆಯೇ ಇಲ್ಲದ ಕಾರು ಎಂದು ಹಲವರು ನಂಬಿದ್ದಾರೆ. ನಿಜ ಸಂಗತಿ ಬೇರೆ. ಸ್ಟಿಯರಿಂಗ್ ಬಿಟ್ಟು ಎದ್ದ ಮನುಷ್ಯ ದೂರದ ಒಂದು ಕೋಣೆಗೆ ಹೋಗಿ ಪರದೆಯ ಮುಂದೆ ಕುಳಿತಿದ್ದಾನೆ, ಅಷ್ಟೆ. ಮೊದಲು ಅವನ ಪಾಲಿಗೆ ಒಂದು ಕಾರಿತ್ತು, ಈಗ ಹತ್ತಾರು.

ಪುಣೆಯಲ್ಲಿ ನನ್ನ ಕಸುಬು ಕಂಟ್ರೋಲ್ ರೂಮುಗಳ ವಿನ್ಯಾಸ. ಕಾರ್ಖಾನೆ, ವಿದ್ಯುತ್ ಸ್ಥಾವರಗಳ ಕೋಣೆಗಳಲ್ಲಿ ಯಾವ ಪರದೆ ಎಲ್ಲಿರಬೇಕು, ಯಾವ ಅಲಾರ್ಮ್ ಯಾವಾಗ ಹೊಡೆಯಬೇಕು ಎಂದು ಯೋಚಿಸುವುದೇ ದಿನದ ಕೆಲಸ. ಊರಿನಲ್ಲಿ ಯಾರಾದರೂ ಕೇಳಿದರೆ, "ಗಾಬರಿಯಾದವರ ಕಣ್ಣಿಗೆ ಬೇಕಾದ್ದು ಮೊದಲು ಬೀಳುವಂತೆ ಮಾಡುವುದು" ಎನ್ನುತ್ತೇನೆ. ಹಾಗಾಗಿ ಚಾಲಕರಹಿತ ವಾಹನಗಳ ಸುದ್ದಿ ಓದುವಾಗ ನನ್ನ ಗಮನ ಕಾರಿಗಿಂತ ಆ ಕೋಣೆಯ ಮೇಲೇ ಹೋಗುತ್ತದೆ.

ದೆಹಲಿಯ ಓದುಗರಿಗೆ ಇದರ ಸರಳ ರೂಪ ಪರಿಚಿತ. 2020ರ ಡಿಸೆಂಬರ್ 28ರಂದು ಅಲ್ಲಿನ ಮೆಟ್ರೋದ ಮೆಜೆಂಟಾ ಮಾರ್ಗದಲ್ಲಿ ದೇಶದ ಮೊದಲ ಚಾಲಕರಹಿತ ರೈಲು ಸೇವೆ ಆರಂಭವಾಯಿತು. ಅದರ ಮೇಲೆ ಕಣ್ಣಿಟ್ಟಿರುವುದು ನಿಯಂತ್ರಣ ಕೇಂದ್ರ. ಆದರೆ ಅಲ್ಲಿ ಹಳಿ ಇದೆ, ಎದುರಿಗೆ ಆಟೋ ನುಗ್ಗುವುದಿಲ್ಲ. ಅನುಮಾನ ಬಂದರೆ ರೈಲನ್ನು ನಿಲ್ಲಿಸಬಹುದು. ರಸ್ತೆಯಲ್ಲಿ ಹಾಗಲ್ಲ. ನಡುರಸ್ತೆಯಲ್ಲಿ ನಿಂತ ಕಾರೇ ಇನ್ನೊಂದು ತೊಂದರೆ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ, ಫೀನಿಕ್ಸ್ ನಗರಗಳಲ್ಲಿ ವೇಮೋ ಕಂಪನಿಯ ಟ್ಯಾಕ್ಸಿಗಳು ಚಾಲಕರಿಲ್ಲದೆ ಓಡುತ್ತಿವೆ. ಕೋಣೆಯಲ್ಲಿರುವವರು ಅವನ್ನು ಆಟದ ಕಾರಿನಂತೆ ದೂರದಿಂದ ಓಡಿಸುತ್ತಾರೆ ಎಂಬುದು ತಪ್ಪು ಕಲ್ಪನೆ. ಗಂಟೆಗೆ 60 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ದಾಟುತ್ತದೆ. ಚಿತ್ರ ಕೋಣೆ ತಲುಪಿ, ಮನುಷ್ಯ ನೋಡಿ, ಉತ್ತರ ಮರಳುವಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿರುತ್ತದೆ. ಹಾಗಾಗಿ ಬ್ರೇಕು, ಸ್ಟಿಯರಿಂಗ್ ಎರಡೂ ಕಾರಿನದೇ ಜವಾಬ್ದಾರಿ. ದಾರಿ ತೋಚದಾಗ ಅದು ಕೋಣೆಗೆ ಪ್ರಶ್ನೆ ಕಳಿಸುತ್ತದೆ: ಮುಂದಿನ ರಸ್ತೆ ಮುಚ್ಚಿದೆಯೇ? ನಿಂತಿರುವ ಲಾರಿಯನ್ನು ಬಳಸಿ ಹೋಗಲೇ? ಮನುಷ್ಯ ನೋಡಿ ಉತ್ತರ ಕೊಡಬೇಕು.

ಆದ್ದರಿಂದ ಗೋಡೆಯ ಪರದೆ ಎಷ್ಟು ದೊಡ್ಡದು ಎಂದು ಕೇಳುವ ಮೊದಲು, ಒಬ್ಬರ ಪಾಲಿಗೆ ಎಷ್ಟು ಪ್ರಶ್ನೆ ಎಂದು ಕೇಳಬೇಕು. ಈಗ ಟ್ಯಾಕ್ಸಿ ಸೇವೆ ನಿಲ್ಲಿಸಿರುವ ಕ್ರೂಸ್ ಕಂಪನಿ 2023ರಲ್ಲಿ, ತನ್ನ 15–20 ಕಾರುಗಳಿಗೆ ಒಬ್ಬ ಸಹಾಯಕರಿದ್ದಾರೆ ಎಂದಿತ್ತು. ಮಾಮೂಲಿ ದಿನಕ್ಕೆ ಇಂಥ ಲೆಕ್ಕ ಸಾಕಾಗಬಹುದು. ಆದರೆ 2025ರ ಡಿಸೆಂಬರ್ 20ರಂದು ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಭಾಗದಲ್ಲಿ ಕರೆಂಟು ಹೋಯಿತು. ಸಿಗ್ನಲ್‌ಗಳು ಆರಿದವು. ಆರಿದ ಸಿಗ್ನಲ್ ದಾಟುವ ಕ್ರಮ ವೇಮೋ ಕಾರುಗಳಿಗೆ ಗೊತ್ತಿತ್ತು. ಆದರೂ ಖಚಿತಪಡಿಸಿಕೊಳ್ಳಲು ಕೆಲವೊಮ್ಮೆ ಕೋಣೆಯನ್ನು ಕೇಳುತ್ತಿದ್ದವು. ಅಂಥ ಪ್ರಶ್ನೆಗಳು ಒಮ್ಮೆಲೇ ಏರಿ ಉತ್ತರ ತಡವಾಯಿತೆಂದು ಕಂಪನಿಯೇ ಹೇಳಿತು. ಕಾರುಗಳು ಕೂಡುರಸ್ತೆಗಳಲ್ಲಿ ನಿಂತುಬಿಟ್ಟವು.

ಮದುವೆ ಮನೆಯಲ್ಲಿ ಬಡಿಸುವವರ ಲೆಕ್ಕವನ್ನು ಯಾರೂ ಇಡೀ ದಿನದ ಸರಾಸರಿ ಹಿಡಿದು ಹಾಕುವುದಿಲ್ಲ. ಪಂಕ್ತಿ ಕೂತಾಗ ಎಷ್ಟು ಕೈ ಬೇಕು ಎಂದು ನೋಡುತ್ತಾರೆ. ಈ ಕೋಣೆಗೂ ಅದೇ ನ್ಯಾಯ. ಅಷ್ಟು ಜನರನ್ನು ಇಡಲಾಗದಿದ್ದರೆ ಸರದಿಯ ಕ್ರಮವಾದರೂ ಸರಿಯಿರಬೇಕು: ಆಂಬುಲೆನ್ಸ್‌ಗೆ ಅಡ್ಡ ನಿಂತ ಕಾರಿನ ಪ್ರಶ್ನೆ ಮೊದಲು, ಪಕ್ಕಕ್ಕೆ ಸರಿದು ನಿಂತದ್ದರದು ಆಮೇಲೆ.

ಎರಡನೆಯದು, ಪರದೆ ನಿಜ ಹೇಳಬೇಕು. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಅವಘಡವಾದಾಗ ಮೊದಲ ಕೆಲವು ನಿಮಿಷಗಳಲ್ಲೇ ನೂರಕ್ಕೂ ಹೆಚ್ಚು ಅಲಾರ್ಮ್‌ಗಳು ಹೊಡೆದುಕೊಂಡವು. ಸಿಬ್ಬಂದಿಯನ್ನು ಇನ್ನಷ್ಟು ದಾರಿ ತಪ್ಪಿಸಿದ್ದು ಒಂದು ಪುಟ್ಟ ದೀಪ. ಅದು ಆರಿದರೆ, ವಾಲ್ವ್‌ಗೆ ಮುಚ್ಚಿಕೊಳ್ಳುವ ಆಜ್ಞೆ ಹೋಗಿದೆ ಎಂದಷ್ಟೇ ಅರ್ಥ. ಅವರು ವಾಲ್ವ್ ಮುಚ್ಚಿದೆ ಎಂದೇ ತಿಳಿದರು. ಅದು ತೆರೆದೇ ಇತ್ತು. ಕಾರುಗಳ ಕೋಣೆಯಲ್ಲೂ "ನಿಲ್ಲಲು ಹೇಳಿದೆ" ಎಂಬುದು ಬೇರೆ, "ನಿಂತಿದೆ" ಎಂಬುದು ಬೇರೆಯಾಗಿ ಕಾಣಬೇಕು. ವಿಡಿಯೋ ತಡವಾಗಿ ಬರುತ್ತಿದ್ದರೆ ಎಷ್ಟು ಸೆಕೆಂಡು ಹಳೆಯದೆಂದು ಚಿತ್ರದ ಮೇಲೇ ಬರಬೇಕು. ಎಲ್ಲ ಸರಿಯಿದ್ದಾಗ ಪರದೆ ಬೂದು ಬಣ್ಣದಲ್ಲಿ ಸುಮ್ಮನಿದ್ದು, ಎಡವಟ್ಟಾದಾಗ ಮಾತ್ರ ಕೆಂಪು ಮೂಡಬೇಕು.

ಮೂರನೆಯದು, ಕುಳಿತವರ ಶಕ್ತಿ. ಬ್ರಿಟನ್ನಿನ ನಾರ್ಮನ್ ಮ್ಯಾಕ್‌ವರ್ತ್ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರು ಗಡಿಯಾರದಂಥ ಮುಳ್ಳನ್ನು ಎರಡು ಗಂಟೆ ನೋಡುತ್ತ ಕೂರಬೇಕಿತ್ತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಗಮನ ಕುಸಿದಿತ್ತು. ಯಂತ್ರ ಜಾಣವಾದಷ್ಟೂ ಮನುಷ್ಯನಿಗೆ ಉಳಿಯುವುದು ಕಷ್ಟದ ಕೆಲಸ, ಅದರ ರೂಢಿಯೂ ಅಷ್ಟರಲ್ಲಿ ತಪ್ಪಿರುತ್ತದೆ ಎಂದು ಲಿಸಾನ್ ಬೇನ್‌ಬ್ರಿಡ್ಜ್ 1983ರಲ್ಲೇ ಬರೆದರು. ಚಿಕ್ಕ ಪಾಳಿ, ನಡುವೆ ಬಿಡುವು, ಸಿಮ್ಯುಲೇಟರ್ ಅಭ್ಯಾಸ ಇವೆಲ್ಲ ಬ್ರೇಕಿನಷ್ಟೇ ಮುಖ್ಯ.

ಜರ್ಮನಿ 2021ರ ಕಾನೂನಿನಲ್ಲಿ ಕೋಣೆಯ ಈ ಮನುಷ್ಯನಿಗೆ "ತಾಂತ್ರಿಕ ಮೇಲ್ವಿಚಾರಣೆ" ಎಂಬ ಸ್ಥಾನ ಕೊಟ್ಟಿದೆ. ವಾಹನ ಸೂಚಿಸಿದ ನಡೆಗೆ ಒಪ್ಪಿಗೆ ಕೊಡುವ, ಅದರ ಸ್ವಯಂಚಾಲನೆಯನ್ನು ನಿಲ್ಲಿಸುವ ಅಧಿಕಾರವನ್ನೂ ಬರೆದಿಟ್ಟಿದೆ. ಇಂಥ ಕೋಣೆಗಳ ಸಾಫ್ಟ್‌ವೇರ್ ಬರೆಯುವವರು, ನಾಳೆ ರಾತ್ರಿ ಪಾಳಿಗೆ ಕೂರುವವರು ಪುಣೆ, ಹೈದರಾಬಾದ್, ಚೆನ್ನೈಗಳ ನಮ್ಮ ಮಕ್ಕಳೇ ಆಗಬಹುದು. ಅನಾಹುತವಾದಾಗ ಎಲ್ಲರೂ ಬೆರಳು ತೋರಿಸುವುದು ಆ ಕುರ್ಚಿಯ ಕಡೆಗೇ. ಸೇರುವ ಮುನ್ನ ಸಂಬಳದ ಜೊತೆಗೆ ಮೂರು ಮಾತು ಕೇಳಿಕೊಳ್ಳಲಿ: ಒಬ್ಬರಿಗೆ ಎಷ್ಟು ವಾಹನ, ಪಾಳಿ ಎಷ್ಟು ಹೊತ್ತು, ನಿಲ್ಲಿಸುವ ಅಧಿಕಾರ ಯಾರದು?