ಕಾರಿನೊಳಗಿನ ಕಟಕಟ ಶಬ್ದ ಎಲ್ಲಿಂದ?

ಕಳೆದ ಬೇಸಿಗೆಯ ಒಂದು ಭಾನುವಾರ ನಾನು, ನನ್ನ ತಾಯಿ ಮತ್ತು ಸಹೋದ್ಯೋಗಿ ಮಿತ್ರರೊಬ್ಬರು ಕಾರಿನಲ್ಲಿ ಕಲಬುರಗಿಯಿಂದ ಸೇಡಮ್ಮಿಗೆ ಹೊರಟಿದ್ದೆವು. ದಾರಿಯಲ್ಲಿ ಸಿಕ್ಕುವುದು ಮಳಖೇಡ. ಒಂದು ಕಾಲಕ್ಕೆ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿ ಮೆರೆದ ಆ ಸೀಮೆಯಲ್ಲಿ ಈಗ ಸಿಮೆಂಟಿನ ಕಾರ್ಖಾನೆಗಳಿವೆ. ಭಾರ ಹೊತ್ತ ಲಾರಿಗಳು ಹಗಲಿರುಳೂ ಓಡಾಡುವ ರಸ್ತೆ ಎಲ್ಲೆಡೆಯೂ ನುಣುಪಾಗಿರಬೇಕೆಂದು ಅಪೇಕ್ಷಿಸುವಂತಿಲ್ಲ. ಮಳಖೇಡ ಸಮೀಪಿಸುತ್ತಿದ್ದಂತೆ ನಮ್ಮ ಕಾರಿನೊಳಗೆ ಎಲ್ಲಿಂದಲೋ ‘ಟಕ್ ಟಕ್’ ಎಂಬ ಶಬ್ದ ಕೇಳತೊಡಗಿತು. ಅದು ಡಿಕ್ಕಿಯಲ್ಲಿರುವ ಊಟದ ಡಬ್ಬಿಯದೆಂದು ನನ್ನ ತಾಯಿ ಹೇಳಿದರು. ಬಾಗಿಲಿನದೆಂದು ಮಿತ್ರರು ವಾದಿಸಿದರು. ನನಗಾದರೋ ಅದು ಡ್ಯಾಶ್‌ಬೋರ್ಡಿನ ಒಳಗಿನಿಂದ ಬರುವಂತೆ ತೋರಿತು. ಕೊನೆಗೆ ಮಿತ್ರರು, ರೇಡಿಯೋವನ್ನು ಸ್ವಲ್ಪ ಜೋರುಮಾಡಿದರೆ ಜಗಳವೇ ಮುಗಿಯುವುದೆಂದು ನಕ್ಕರು.

ಒಂದೇ ಶಬ್ದ, ಕೇಳಿದವರು ಮೂವರು, ಅಭಿಪ್ರಾಯಗಳೂ ಮೂರು. ಹೀಗೇಕಾಯಿತು?

ಶಬ್ದ ಬರುವ ದಿಕ್ಕನ್ನು ನಾವು ಗುರುತಿಸುವುದು ಎರಡು ಕಿವಿಗಳ ನೆರವಿನಿಂದ. ಬಲಗಡೆಯಿಂದ ಬಂದ ಶಬ್ದ ಬಲಗಿವಿಯನ್ನು ಮೊದಲು ಮುಟ್ಟುತ್ತದೆ; ಎಡಗಿವಿಯನ್ನು ಮುಟ್ಟುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು ತಡವಾಗಿ. ಅಲ್ಲದೆ ತಲೆಯೇ ಅಡ್ಡವಾಗುವುದರಿಂದ ಎಡಗಿವಿಗೆ ಅದು ಕ್ಷೀಣವಾಗಿಯೂ ಕೇಳಿಸುತ್ತದೆ. ಈ ಎರಡು ಸೂಚನೆಗಳನ್ನು ಒಟ್ಟುಗೂಡಿಸಿ 1907ರಲ್ಲಿ ವಿವರಿಸಿದವನು ಲಾರ್ಡ್ ರ್‍ಯಾಲೆ ಎಂಬ ಪ್ರಸಿದ್ಧ ಭೌತವಿಜ್ಞಾನಿ. ಬಯಲಿನಲ್ಲಿ ಈ ಸೂಚನೆಗಳು ನಮಗೆ ಮೋಸಮಾಡುವುದು ಅಪರೂಪ. ಮುಚ್ಚಿದ ಕಾರಿನಲ್ಲಿ ಹಾಗಲ್ಲ. ಶಬ್ದವು ಗಾಜುಗಳಿಗೆ ಬಡಿದು ಹಲವು ದಿಕ್ಕುಗಳಿಂದ ಪ್ರತಿಫಲಿಸುತ್ತದೆ. ಇನ್ನೂ ಒಂದು ತೊಡಕುಂಟು. ಉಕ್ಕಿನಲ್ಲಿ ಶಬ್ದದ ವೇಗ ಗಾಳಿಯಲ್ಲಿರುವುದರ ಸುಮಾರು ಹದಿನೈದು ಪಟ್ಟು. ಹಿಂಬದಿಯಲ್ಲಿ ಹುಟ್ಟಿದ ಕಂಪನ ಕಾರಿನ ಉಕ್ಕಿನ ಮೈಯಲ್ಲಿ ಹರಿದು, ಮುಂದಿನ ಯಾವುದೋ ತೆಳು ತಗಡನ್ನು ನಡುಗಿಸಿದರೆ, ಶಬ್ದ ಅಲ್ಲಿಯೇ ಹುಟ್ಟಿದಂತೆ ಭಾಸವಾಗುತ್ತದೆ. ಆದುದರಿಂದ ಕಟಕಟ ಶಬ್ದವನ್ನು ಬೆನ್ನಟ್ಟುವವನು ‘ಎಲ್ಲಿ?’ ಎಂಬ ಪ್ರಶ್ನೆಗಿಂತ ಮೊದಲು ‘ಯಾವಾಗ?’ ಎಂದು ಕೇಳಬೇಕು.

ಶಬ್ದ ಹುಟ್ಟುವ ಬಗೆಯನ್ನು ಈಗ ನೋಡೋಣ. ನಮ್ಮ ಭಾಗದ ಮನೆಗಳಿಗೆ ಶಹಾಬಾದಿನ ಕಲ್ಲು ಹಾಸುವುದುಂಟು. ಕೆಳಗಿನ ಗಾರೆ ಸಡಿಲವಾದ ಹಾಸುಗಲ್ಲನ್ನು ತುಳಿದರೆ ‘ಟಕ್’ ಎನ್ನುತ್ತದೆ. ಬಿಗಿಯಾಗಿ ಕುಳಿತ ಕಲ್ಲು ಮೌನವಾಗಿರುತ್ತದೆ. ಕಾರಿನ ಕಟಕಟವೂ ಇಂಥದೇ. ಅದಕ್ಕೆ ಎರಡು ಗಟ್ಟಿ ವಸ್ತುಗಳು, ಅವುಗಳ ನಡುವೆ ಕೊಂಚ ಎಡೆ, ಮತ್ತು ಅಲುಗಿಸುವ ಒಂದು ಬಲ, ಇಷ್ಟು ಸಾಕು. ಎಷ್ಟು ಅಲುಗಬೇಕು? ಕೆಳಗಿನ ಆಧಾರವು ಗುರುತ್ವ ವೇಗೋತ್ಕರ್ಷಕ್ಕಿಂತ ಹೆಚ್ಚಿನ ವೇಗೋತ್ಕರ್ಷದಿಂದ ಕುಸಿದರೆ, ಅದರ ಮೇಲೆ ಸುಮ್ಮನೆ ಇಟ್ಟ ವಸ್ತು ಅದನ್ನು ಬಿಟ್ಟು ಗಾಳಿಯಲ್ಲಿ ಉಳಿದು, ಮರುಕ್ಷಣ ಬಡಿಯುತ್ತದೆ. ಸೆಕೆಂಡಿಗೆ 10 ಸಲ ಕಂಪಿಸುವಾಗ ಇದಕ್ಕೆ ಎರಡೂವರೆ ಮಿಲಿಮೀಟರಿನಷ್ಟು ಕಂಪನವಿಸ್ತಾರ ಬೇಕು. 20 ಸಲ ಕಂಪಿಸುವಾಗ ಅದರ ಕಾಲುಭಾಗ, ಎಂದರೆ ಸುಮಾರು 0.6 ಮಿಲಿಮೀಟರು, ಸಾಕು. ಕಣ್ಣಿಗೆ ಕಾಣದಷ್ಟು ಅಲುಗಾಟವೂ ಕಿವಿಗೆ ಕಿರುಕುಳವಾಗುವುದು ಹೀಗೆ.

ಕಾರನ್ನು ಅಲುಗಿಸುವವರು ಮುಖ್ಯವಾಗಿ ಮೂವರು: ಇಂಜಿನ್ನು, ಚಕ್ರ ಮತ್ತು ರಸ್ತೆ. ಪ್ರತಿಯೊಬ್ಬರಿಗೂ ತಮ್ಮದೇ ಆದ ತಾಳವಿದೆ.

ಇಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 50 ಸುತ್ತಾಯಿತು. ನಾಲ್ಕು ಸಿಲಿಂಡರುಗಳ ಸಾಮಾನ್ಯ ಇಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಎರಡು ಸಲ ಇಂಧನ ಉರಿಯುವುದರಿಂದ ಸೆಕೆಂಡಿಗೆ 100 ನೂಕುಗಳು ಬೀಳುತ್ತವೆ. ಕಾರು ನಿಂತಿದ್ದು ಇಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುವಾಗ ಇದು ಸುಮಾರು 27ಕ್ಕೆ ಇಳಿಯುತ್ತದೆ. ಚಕ್ರದ ಲೆಕ್ಕ ಬೇರೆ. 60 ಸೆಂಟಿಮೀಟರು ವ್ಯಾಸದ ಚಕ್ರ ಒಂದು ಸುತ್ತಿಗೆ ಸುಮಾರು 1.9 ಮೀಟರು ಸಾಗುತ್ತದೆ. ಗಂಟೆಗೆ 54 ಕಿಲೋಮೀಟರು ವೇಗದಲ್ಲಿ ಅದು ಸೆಕೆಂಡಿಗೆ 8 ಸುತ್ತು, 20 ಕಿಲೋಮೀಟರು ವೇಗದಲ್ಲಿ 3 ಸುತ್ತು. ರಸ್ತೆಗೆ ಇಂಥ ನಿಯಮಿತ ತಾಳವಿಲ್ಲ. ಕುಳಿ, ಉಬ್ಬು ಸಿಕ್ಕಿದಾಗಲೆಲ್ಲ ಅದು ಒಂದು ಪೆಟ್ಟು ಕೊಡುತ್ತದೆ.

ಪಂಚಮಿಯ ಜೋಕಾಲಿಯನ್ನು ತೂಗುವವನು ಅದರ ಹೋಗುಬರುವಿಕೆಗೆ ಸರಿಹೊಂದುವಂತೆ ನೂಕಿದರೆ, ಸಣ್ಣ ನೂಕುಗಳೇ ಅದನ್ನು ಎತ್ತರಕ್ಕೆ ಏರಿಸುತ್ತವೆ. ಇದೇ ಅನುರಣನೆ. ಕಾರಿನ ಪ್ರತಿ ತಗಡು, ಕೊಳವೆ, ಮುಚ್ಚಳಕ್ಕೂ ತನ್ನದೇ ಆದ ಸ್ವಾಭಾವಿಕ ಕಂಪನಸಂಖ್ಯೆ ಇರುತ್ತದೆ. ಇಂಜಿನ್ನಿನ ನೂಕು ಅದಕ್ಕೆ ಸರಿಹೊಂದಿದಾಗ ಆ ಭಾಗ ಝಣಝಣಿಸುತ್ತದೆ. ವೇಗ ತುಸು ಬದಲಾದರೆ ತಟ್ಟನೆ ಸುಮ್ಮನಾಗುತ್ತದೆ. ನಿಂತ ಕಾರಿನಲ್ಲಿ ಕೇಳಿಬಂದು, ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿದೊಡನೆ ಮಾಯವಾಗುವ ಝಣಝಣ ಅನೇಕ ವೇಳೆ ಸೈಲೆನ್ಸರಿನ ಮೇಲಿರುವ, ಶಾಖ ತಡೆಯುವ ತೆಳು ತಗಡಿನದಾಗಿರುತ್ತದೆ.

ಇನ್ನು ನಮ್ಮ ‘ಟಕ್ ಟಕ್’ ಶಬ್ದದ ವಿಚಾರಣೆಗೆ ಮರಳೋಣ. ಮುಂದೆ ಹಿಂದೆ ವಾಹನಗಳಿಲ್ಲದ ನೇರ ರಸ್ತೆಯಲ್ಲಿ ವೇಗವನ್ನು ತಗ್ಗಿಸಿ, ಇಂಜಿನ್ನನ್ನು ಆರಿಸದೆ, ಕ್ಷಣಕಾಲ ಕ್ಲಚ್ಚನ್ನು ಒತ್ತಿದೆ. ಇಂಜಿನ್ನಿನ ಸುತ್ತು ಇಳಿಯಿತು. ಶಬ್ದದ ತಾಳ ಬದಲಾಗಲಿಲ್ಲ. ಆದುದರಿಂದ ಇಂಜಿನ್ನು ನಿರಪರಾಧಿ. ನುಣುಪಾದ ರಸ್ತೆಯಲ್ಲಿಯೂ ಶಬ್ದ ತಪ್ಪಲಿಲ್ಲ. ಆದುದರಿಂದ ರಸ್ತೆಯೂ, ಊಟದ ಡಬ್ಬಿಯೂ ಬಿಡುಗಡೆ ಪಡೆದವು. ಗಂಟೆಗೆ 20 ಕಿಲೋಮೀಟರು ವೇಗದಲ್ಲಿ ಮಿತ್ರರು ಗಡಿಯಾರ ಹಿಡಿದು ಎಣಿಸಿದರು: ಹತ್ತು ಸೆಕೆಂಡಿಗೆ ಮೂವತ್ತು ಪೆಟ್ಟು. ಮೇಲಿನ ಲೆಕ್ಕವನ್ನು ನೆನೆದಾಗ ನನ್ನ ಎದೆ ಧಸಕ್ಕೆಂದಿತು. ಶಬ್ದ ಮಾಡುತ್ತಿದ್ದುದು ಚಕ್ರ!

ಕೂಡಲೆ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ ನೋಡಿದೆವು. ಹಿಂದಿನ ಎಡಚಕ್ರದ ನಾಲ್ಕು ನಟ್ಟುಗಳ ಪೈಕಿ ಮೂರು ಬೆರಳಿನಿಂದಲೇ ತಿರುಗುವಷ್ಟು ಸಡಿಲವಾಗಿದ್ದವು. ಹಿಂದಿನ ದಿನ ಪಂಕ್ಚರ್ ಆದಾಗ ಸ್ಟೆಪ್ನಿಯನ್ನು ಹಾಕಿದವನು ನಾನೇ. ಜಾಕಿನ ಮೇಲಿದ್ದಾಗ ನಟ್ಟುಗಳನ್ನು ತಿರುಗಿಸಿ, ಕಾರನ್ನು ಇಳಿಸಿದ ಮೇಲೆ ಪಾನಾ ಹಾಕಿ ಮತ್ತೆ ಬಿಗಿಮಾಡಲು ಮರೆತಿದ್ದೆ. ಹಾಗೆ ಬಿಗಿಮಾಡುವಾಗ ಒಂದರ ಬಳಿಕ ಅದರ ಎದುರಿನದನ್ನು ಬಿಗಿಯುವುದು ಸರಿಯಾದ ಕ್ರಮ. ಐವತ್ತು ಅರವತ್ತು ಕಿಲೋಮೀಟರು ಸಾಗಿದ ನಂತರ ಮತ್ತೊಮ್ಮೆ ಪರೀಕ್ಷಿಸಬೇಕು. ರೇಡಿಯೋವನ್ನು ಜೋರುಮಾಡಿ ಮುಂದೆ ಸಾಗಿದ್ದರೆ ಚಕ್ರವೇ ಕಳಚಿಬೀಳಬಹುದಾಗಿತ್ತು. ನನ್ನ ತಾಯಿ ಏನೂ ಅನ್ನಲಿಲ್ಲ. ಊಟದ ಡಬ್ಬಿಯನ್ನು ಬಿಚ್ಚಿ ನಮ್ಮಿಬ್ಬರ ಮುಂದಿಟ್ಟರು.

ಎಲ್ಲ ಶಬ್ದಗಳೂ ಇಷ್ಟು ಘೋರವಲ್ಲ. ಉಬ್ಬಿನ ಮೇಲೆ ಮಾತ್ರ ಕೇಳುವ ಕಟಕಟ ಅನೇಕ ವೇಳೆ ಒಳಗಿನ ಸಡಿಲ ವಸ್ತುಗಳದಾಗಿರುತ್ತದೆ. ಇವುಗಳನ್ನು ಹುಡುಕಲು ಕಾರನ್ನು ಮೊದಲು ಸಂಪೂರ್ಣ ಬರಿದುಮಾಡಿರಿ. ಡಿಕ್ಕಿಯಲ್ಲಿರುವ ಜಾಕು, ಪಾನಾ, ಸೀಟಿನ ಕೆಳಗಿನ ಬಾಟಲಿ, ಬಾಗಿಲಿನ ಚೀಲದಲ್ಲಿರುವ ನಾಣ್ಯ, ಎಲ್ಲವನ್ನೂ ಹೊರಗೆ ತೆಗೆಯಿರಿ. ಅದೇ ರಸ್ತೆಯಲ್ಲಿ ಅದೇ ವೇಗದಿಂದ ಮತ್ತೆ ಹೋಗಿರಿ. ಒಬ್ಬರು ಕಾರು ನಡೆಸಲಿ. ಕೇಳುವ ಕೆಲಸ ಇನ್ನೊಬ್ಬರದು. ಶಬ್ದ ಉಳಿದಿದ್ದರೆ ಕೇಳುವವರು ಒಂದೊಂದೇ ಭಾಗವನ್ನು ಅಂಗೈಯಿಂದ ಅದುಮಿ ನೋಡಲಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬ ಪ್ರಯೋಗಶಾಲೆಯ ನಿಯಮ ಇಲ್ಲಿಯೂ ಸಲ್ಲುತ್ತದೆ. ಯಾವುದನ್ನು ಅದುಮಿದಾಗ ಶಬ್ದ ನಿಲ್ಲುವುದೋ ಆ ಜಾಗದ ತಿರುಪನ್ನು ಬಿಗಿಮಾಡಿ, ಎಡೆಯಲ್ಲಿ ಉಣ್ಣೆಬಟ್ಟೆಯ ಚೂರನ್ನೋ ಹಳೆಯ ಸೈಕಲ್ ಟ್ಯೂಬಿನ ತುಂಡನ್ನೋ ಇಟ್ಟರೆ ಸಾಕು. ಮೆತ್ತನೆಯ ವಸ್ತು ಪೆಟ್ಟಿನ ಶಕ್ತಿಯನ್ನು ತನ್ನೊಳಗೇ ಶಾಖವಾಗಿ ಕರಗಿಸಿಕೊಳ್ಳುತ್ತದೆ.

ಬೆಳಿಗ್ಗೆ ಇದ್ದ ಶಬ್ದ ಮಧ್ಯಾಹ್ನ ಇಲ್ಲವಾದರೆ ಅಚ್ಚರಿಪಡಬೇಡಿರಿ. ನಮ್ಮ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು 40 ಡಿಗ್ರಿಗಳಷ್ಟು ಹೆಚ್ಚು ಕಾಯುವುದು ಸುಲಭ. ಆಗ ಒಂದು ಮೀಟರು ಉದ್ದದ ಉಕ್ಕು ಅರ್ಧ ಮಿಲಿಮೀಟರು ಹಿಗ್ಗಿದರೆ, ಪ್ಲಾಸ್ಟಿಕ್ಕು ಅದರ ಐದಾರು ಪಟ್ಟು ಹಿಗ್ಗುತ್ತದೆ. ಎಡೆಗಳು ಮುಚ್ಚುವುದೂ ತೆರೆಯುವುದೂ ಇದರಿಂದಲೇ.

ಆದರೆ ಒಂದು ಎಚ್ಚರಿಕೆ. ಚಕ್ರದ ಜೊತೆ ತಾಳ ಹಾಕುವ ಶಬ್ದ, ಬ್ರೇಕು ಒತ್ತಿದಾಗ ಅಥವಾ ಸ್ಟಿಯರಿಂಗ್ ತಿರುಗಿಸಿದಾಗ ಕೇಳುವ ಶಬ್ದ, ಇವುಗಳನ್ನು ಬಟ್ಟೆಯ ಚೂರಿನಿಂದ ಅಡಗಿಸಲು ಹೋಗಬಾರದು. ತಡಮಾಡದೆ ಮಿಸ್ತ್ರಿಗೆ ತೋರಿಸಬೇಕು. ಕೇವಲ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಎಂದಿಗೂ ನುಸುಳಬೇಡಿರಿ.

ಕಟಕಟ ಶಬ್ದ ನಮಗೆ ಬೇಸರ ತರುವುದು ನಿಜ. ಆದರೆ ಅದು ಎಲ್ಲಿಯೋ ಒಂದು ಬಿಗಿ ಸಡಿಲವಾಗಿದೆಯೆಂದು ಸಾರುವ ವರದಿ. ಆ ವರದಿಯನ್ನು ಮುಚ್ಚಿಹಾಕುವವನಿಗಿಂತ, ಗಡಿಯಾರ ಹಿಡಿದು ಎಣಿಸುವವನು ಊರನ್ನು ಕ್ಷೇಮವಾಗಿ ಸೇರುತ್ತಾನೆ.