ಸಂಬಳದ ಮನೆಯಲ್ಲಿ ಹುಣಸೆಯ ರಾಶಿ

ಅಡಿಕೆ ಸುಲಿದು, ಕಾಫಿ ಕಣದಿಂದ ಒಳಗೆ ಬಂದ ಮೇಲೆ ನಮ್ಮ ಬೆಳೆಗಾರರ ಮನೆಗಳಲ್ಲಿ ವರ್ಷವರ್ಷವೂ ಒಂದು ಮಾತು ಏಳುತ್ತದೆ: ಮನೆಯಲ್ಲೇ ಏನಾದರೂ ಶುರು ಮಾಡಿದರೆ ಹೇಗೆ? ಮಗ ಮಾಸ್ತರ, ಇಲ್ಲವೇ ಬ್ಯಾಂಕಿನ ಗುಮಾಸ್ತ. ನೌಕರಿ ಬಿಡುವ ಹಾಗಿಲ್ಲ. ಬರುವ ಸಂಬಳದಲ್ಲೇ ತೋಟದ ಸಾಲ ತೀರುವ ಹಾಗೂ ಇಲ್ಲ. ಹಪ್ಪಳ, ಕಾಫಿಪುಡಿ, ಹಾಳೆತಟ್ಟೆ ಎಂದು ರಾತ್ರಿಯ ಊಟದ ಹೊತ್ತಿಗೆ ಯೋಜನೆಗಳು ಸಾಲುಗಟ್ಟುತ್ತವೆ.

ಇದರಲ್ಲಿ ನಾವೂ ಕೈ ಸುಟ್ಟುಕೊಂಡವರೇ. ಕೆಲವು ವರ್ಷಗಳ ಹಿಂದೆ ನಮ್ಮ ತೋಟದ ಕಾಫಿಯನ್ನು ಮನೆಯಲ್ಲೇ ಹುರಿದು ಪುಡಿ ಮಾಡಿ ಮಾರಲು ಹೊರಟೆವು. 1996ರಲ್ಲಿ ಪೂಲ್ ಮಾರಾಟ ಪೂರ್ತಿಯಾಗಿ ನಿಂತ ಮೇಲೆ ಬೆಳೆಗಾರನಿಗೆ ಈ ಸ್ವಾತಂತ್ರ್ಯ ಸಿಕ್ಕಿತ್ತಷ್ಟೆ. ಯಂತ್ರ ತಂದದ್ದಾಯಿತು, ಚೀಲ ಹೊಲಿಸಿದ್ದಾಯಿತು. ಆದರೆ ಶುರು ಮಾಡಿದ್ದು ಡಿಸೆಂಬರಿನಲ್ಲಿ, ಕೊಯ್ಲು ಮೈಮೇಲೆ ಬಿದ್ದಿದ್ದಾಗ! ಬೆಳಿಗ್ಗೆ ಆಳುಗಳ ಹಿಂದೆ, ಸಂಜೆ ಕಣದ ಹಿಂದೆ. ಹುರಿದ ಪುಡಿ ಅಟ್ಟದ ಮೇಲೆ ಕೂತು ಘಮ ಕಳೆದುಕೊಂಡಿತು. ಸಾಲಕ್ಕೆ ಒಯ್ದ ಅಂಗಡಿಯವರೊಬ್ಬರು ದುಡ್ಡು ಕೊಡಲು ಎರಡು ಯುಗಾದಿ ಕಾಯಿಸಿದರು. ಬಂಡವಾಳದ ಲೆಕ್ಕ ನಾವು ಸರಿಯಾಗಿಯೇ ಹಾಕಿದ್ದೆವು. ಹೊತ್ತಿನ ಲೆಕ್ಕ ಹಾಕಿರಲಿಲ್ಲ.

ಆ ಲೆಕ್ಕವನ್ನು ನಾವು ಕಲಿತದ್ದು ಮಲೆನಾಡಿನಲ್ಲಲ್ಲ, ಕೂಡ್ಲಿಗಿಯಲ್ಲಿ. ಮಾರ್ಚ್ ತಿಂಗಳಲ್ಲಿ ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಪರಿಚಯದವರೊಬ್ಬರ ಮನೆಗೆ ಇಳಿದಿದ್ದೆವು. 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದ ಈ ಸೀಮೆ ಮಳೆ ಕಡಿಮೆಯ ಕೆಂಪು ಮಣ್ಣಿನದು. ಶೇಂಗಾ, ಜೋಳದ ಹೊಲಗಳ ನಡುವೆ ಹುಣಸೆ ಮರಗಳು. ಯಜಮಾನರು ಹೈಸ್ಕೂಲು ಮಾಸ್ತರು. ಅಂಗಳದ ತುಂಬ ಹುಣಸೆಯ ರಾಶಿ, ಸುತ್ತಲೂ ಮನೆಯ ಹೆಂಗಸರು, ನೆರೆಯ ಇಬ್ಬರು. ಮರದ ಒಡೆಯರಿಂದ ಕಾಯಿ ಕೊಂಡು, ಸಿಪ್ಪೆ ಬಿಡಿಸಿ, ನಾರು ಎಳೆದು, ಬಡಿದು ಬೀಜ ತೆಗೆದು ಮಾರುವುದು ಇವರ ಕಸುಬು.

ಹುಣಸೆಯ ಲೆಕ್ಕ ಸರಳ. ನೂರು ಕಿಲೋ ಕಾಯಿಗೆ ಸುಮಾರು 55 ಕಿಲೋ ಹಣ್ಣು, 34 ಕಿಲೋ ಬೀಜ, ಉಳಿದದ್ದು ಸಿಪ್ಪೆ ಮತ್ತು ನಾರು. ಬೀಜವನ್ನೂ ಎಸೆಯಬೇಕಾಗಿಲ್ಲ; ಅದರ ಹಿಟ್ಟು ಬಟ್ಟೆ ಗಿರಣಿಗಳಲ್ಲಿ ನೂಲಿಗೆ ಗಂಜಿ ಹಾಕಲು ಬೇಕಾಗುತ್ತದೆ. ನಮಗೆ ಹೆಚ್ಚು ಹಿಡಿಸಿದ್ದು ಕೆಲಸದ ಕಾಲ. ಕಾಯಿ ಬರುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಹೊಲದ ಕೆಲಸ ಆಗ ಕಡಿಮೆ. ಮುಂದೆ ಮಾಸ್ತರಿಗೆ ಬೇಸಿಗೆ ರಜೆ, ಮಾರಾಟಕ್ಕೆ ಓಡಾಡಲು ಬಿಡುವು. ಮಳೆ ಹಿಡಿಯುವುದರೊಳಗೆ ಮಾಲು ಖಾಲಿಯಾಗಬೇಕು, ಇಲ್ಲವಾದರೆ ತೇವ ಕುಡಿದು ಹಣ್ಣು ಕಪ್ಪಾಗುತ್ತದೆ. ಆಮೇಲೆ ಒಂಬತ್ತು ತಿಂಗಳು ಕಸುಬಿಗೆ ಬೀಗ.

ಈ ಮನೆಯವರು ಮೊದಲು ಯೋಚಿಸಿದ್ದು ಮಲ್ಲಿಗೆಯನ್ನಂತೆ. ಪಕ್ಕದ ಹೂವಿನ ಹಡಗಲಿಯ ಮಲ್ಲಿಗೆ, ಮೈಸೂರು ಮತ್ತು ಉಡುಪಿ ಮಲ್ಲಿಗೆಗಳ ಹಾಗೆಯೇ, ಭೌಗೋಳಿಕ ಗುರುತು ಪಡೆದ ಹೂವು. ಸಂಬಳದವರಿಗೂ ಒಗ್ಗುವಂತೆ ಕಾಣುತ್ತದೆ: ನಸುಕಿನಲ್ಲಿ ಮೊಗ್ಗು ಬಿಡಿಸಿ ಪೇಟೆಗೆ ಕಳಿಸಿದರೆ ಹತ್ತು ಗಂಟೆಗೆ ಶಾಲೆಗೆ ಹೋಗಬಹುದು. ಆದರೆ ಹೂ ಬಿಡುವ ಕಾಲದಲ್ಲಿ ಮಲ್ಲಿಗೆಗೆ ಒಂದು ದಿನವೂ ರಜೆ ಇಲ್ಲ. ಮದುವೆಯಿರಲಿ, ಜ್ವರವಿರಲಿ, ಇಂದಿನ ಮೊಗ್ಗು ನಾಳೆಗೆ ಅರಳಿದ ಹೂವು, ಅರ್ಧ ಬೆಲೆ. ಬೆಳಗಿನ ಜಾವ ಕೈಜೋಡಿಸುವ ಜನ ಮನೆಯಲ್ಲಿ ಸಾಲದೆಂದು ಇವರು ಅದನ್ನು ಬಿಟ್ಟರು. ಜನವಿದ್ದ ಮನೆಗೆ ಮಲ್ಲಿಗೆಯೇ ಸರಿ.

ಒಂದು ಎಚ್ಚರಿಕೆ. ಸರಕಾರಿ ನೌಕರರು ಪೂರ್ವಾನುಮತಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ. ಮನೆಯವರು ಮಾಡಿದರೂ ಇಲಾಖೆಗೆ ತಿಳಿಸಬೇಕು. ಈ ಮಾಸ್ತರು ಕಸುಬನ್ನು ಹೆಂಡತಿಯ ಹೆಸರಿನಲ್ಲಿಟ್ಟು, ಮೊದಲ ವರ್ಷವೇ ಬರೆದು ತಿಳಿಸಿ, ಅದರ ನಕಲನ್ನು ಟ್ರಂಕಿನಲ್ಲಿಟ್ಟಿದ್ದಾರೆ. ತಿನ್ನುವ ಪದಾರ್ಥವಾದರೆ 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿಯೂ ಬೇಕು. ತೆರಿಗೆಯ ಮಾತು ನಮ್ಮವರು ಮರೆಯುವುದೇ ಹೆಚ್ಚು: ಸ್ವಂತ ಮರದ ಹಣ್ಣು ಮಾರಿದರೆ ಕೃಷಿ ಆದಾಯ, ಕೊಂಡು ತಂದು ಬಿಡಿಸಿ ಮಾರಿದರೆ ವ್ಯಾಪಾರ. ಸ್ವಂತ ಕಾಫಿಯನ್ನೇ ಆದರೂ ಸಂಸ್ಕರಿಸಿ ಮಾರಿದರೆ ಆದಾಯದ ನೂರಕ್ಕೆ 25 ಪಾಲು, ಹುರಿದು ಪುಡಿ ಮಾಡಿ ಮಾರಿದರೆ 40 ಪಾಲು ವ್ಯಾಪಾರದ ಆದಾಯವೆಂದು ಲೆಕ್ಕಕ್ಕೆ ಬರುತ್ತದೆ.

ಕೈಯಲ್ಲಿರುವ ವೃತ್ತಿ ಹೊಸ ಕಸುಬಿಗೆ ಅಡ್ಡಿಯೇ ಆಗಬೇಕೆಂದೇನೂ ಇಲ್ಲ. 1913ರಲ್ಲಿ ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಆರಂಭಿಸಿದ ಬಿ.ವಿ. ಪಂಡಿತರು ಆಯುರ್ವೇದ ಕಲಿತ ವೈದ್ಯರು. ಅಲ್ಲಿಂದ ಹೊರಟ ಹಲ್ಲುಪುಡಿ ಕನ್ನಡನಾಡಿನ ಬಚ್ಚಲುಮನೆಗಳಲ್ಲೆಲ್ಲ ಕೂತಿತು. ವೈದ್ಯರ ಕೈಯ ಮೇಲಿನ ನಂಬಿಕೆ ಪುಡಿಯ ಮೇಲೂ ಬಂತೆಂದು ನಮ್ಮ ಊಹೆ. ಅಡಿಕೆ ಬೆಳೆಗಾರನ ಮನೆಯ ಹಾಳೆತಟ್ಟೆಗೂ ಇಂಥದೊಂದು ಅನುಕೂಲವಿದೆ.

ಕೂಡ್ಲಿಗಿಯ ಮನೆಯಲ್ಲಿ ಹೊರಡುವ ಮುನ್ನ ಲೆಕ್ಕದ ಪುಸ್ತಕ ನೋಡಬಹುದೇ ಎಂದು ಕೇಳಿದೆವು. ಆಕೆ ಸಂಕೋಚವಿಲ್ಲದೆ ತಂದಿಟ್ಟರು. ಕಾಯಿಯ ಬೆಲೆ, ಗಾಡಿ ಬಾಡಿಗೆ, ನೆರೆಯವರ ಕೂಲಿ. ಅದರ ಕೆಳಗೆ ತಮ್ಮ ಮತ್ತು ಅತ್ತೆಯ ಕೂಲಿ, ನೆರೆಯವರ ದರದಲ್ಲೇ. ಮನೆಯವರಿಗೂ ಕೂಲಿಯೇ ಎಂದು ನಾವು ಬಾಯಿ ತಪ್ಪಿ ಕೇಳಿಬಿಟ್ಟೆವು.

"ಅದನ್ನ ಬಿಟ್ರ ಲಾಭ ಎಷ್ಟಂತ ಹೆಂಗ್ ತಿಳೀತೈತ್ರಿ?" ಎಂದರು ಆಕೆ. ಮೊದಲ ವರ್ಷ ಆ ಸಾಲು ಬರೆದಿರಲಿಲ್ಲವಂತೆ, ಲಾಭ ಭಾರಿಯಾಗಿ ಕಂಡಿತ್ತಂತೆ. ಎರಡನೆಯ ವರ್ಷ ಬರೆದಾಗ ಲಾಭ ಅರ್ಧಕ್ಕಿಳಿಯಿತು, ಆದರೂ ಉಳಿಯಿತು; ಆ ಮೇಲೆಯೇ ಮೂರನೆಯ ವರ್ಷಕ್ಕೆ ಹೆಚ್ಚು ಕಾಯಿ ಕೊಂಡದ್ದು. ಊರಿಗೆ ಬಂದು ನಮ್ಮ ಕಾಫಿಪುಡಿಯ ಹಳೆಯ ಪುಸ್ತಕ ತೆಗೆದು ನೋಡಿದೆವು. ಆ ಚಳಿಗಾಲವೆಲ್ಲ ರಾತ್ರಿ ಹನ್ನೊಂದರವರೆಗೆ ಪೊಟ್ಟಣ ಕಟ್ಟಿದ ಮನೆಯಾಕೆಯ ಹೆಸರು ಅದರಲ್ಲಿ ಒಂದು ಕಡೆಯೂ ಇರಲಿಲ್ಲ.